ಲೂಯಿಸನ ಸಾಹೇಬರು ಮತ್ತು ಹನ್ನೊಂದು ಶಾಲುಗಳು

ಕಲ್ಯಾಣಪುರದ ಶಾಲೆಯಲ್ಲಿ ನಾನು ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದಾಗ ಲೂಯಿಸ್ ಬರ್ಬೋಜಾ ಎಂಬ ಹುಡುಗನಿದ್ದ. ಲೆಕ್ಕದಲ್ಲಿ ಹಿಂದೆ, ಚರಿತ್ರೆಯಲ್ಲಿ ಇನ್ನೂ ಹಿಂದೆ. ಆದರೆ ತರಗತಿಯ ಹೊರಗೆ ಮಕ್ಕಳು ಕಳಚಿಟ್ಟ ಚಪ್ಪಲಿಗಳನ್ನು ಅವನು ದಿನವೂ ಜೋಡಿ ಜೋಡಿಯಾಗಿ, ತುದಿ ಹೊರಗೆ ಮಾಡಿ ಸಾಲಾಗಿ ಇಡುತ್ತಿದ್ದ. ಯಾರೂ ಹೇಳಿದ್ದಲ್ಲ. ಗಂಟೆ ಬಾರಿಸಿದೊಡನೆ ಓಡಿ ಬಂದವರು ಕಾಲು ತೂರಿಸಿದರೆ ಸಾಕು, ಮನೆಗೆ ಹೊರಡಬಹುದು. “ಎಂತಕ್ಕೆ ಮಾರಾಯ ಈ ಚಾಕರಿ?” ಎಂದು ಒಮ್ಮೆ ಕೇಳಿದ್ದೆ. “ಹೊರಡುವವರಿಗೆ ಸುಲಭ ಆಗ್ತದೆ ಮಾಸ್ಟ್ರೇ” ಎಂದಿದ್ದ.

ಇಂಥವನು ಮುಂದೆ ಒಂದು ರಾಯಭಾರ ಕಚೇರಿಯ ಕಾರು ಓಡಿಸುವವನಾದದ್ದು ನನಗೆ ಆಶ್ಚರ್ಯವಲ್ಲ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ಮುಂಬಯಿಗೆ ಹೋದ. ಅಲ್ಲಿ ಡ್ರೈವಿಂಗ್ ಕಲಿತ. ಅಲ್ಲಿಂದ ದೆಹಲಿಗೆ ಹೋಗಿ, ಯಾರ ಯಾರದೋ ಕಾರು ಓಡಿಸಿ, ಕೊನೆಗೆ ಅಫ್ಘಾನಿಸ್ತಾನದ ರಾಯಭಾರ ಕಚೇರಿಯಲ್ಲಿ ನಿಂತ. ಇಪ್ಪತ್ತು ವರ್ಷ ಅಲ್ಲಿಯೇ ಇದ್ದ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕುಳಿತು ತನ್ನ ಕೆಲಸದ ನಿಯಮಗಳನ್ನು ಹೇಳುತ್ತಿದ್ದ. ಸಾಹೇಬರು ಕುಳಿತುಕೊಳ್ಳುವುದು ಹಿಂದಿನ ಸೀಟಿನ ಎಡಗಡೆ. ಆ ಬಾಗಿಲನ್ನು ಅವರು ಮುಟ್ಟಬಾರದು, ತೆರೆಯುವವರು ತೆರೆಯಬೇಕು. ಕಾರಿನ ಮೂತಿಯ ಮೇಲೆ ಪುಟ್ಟ ಬಾವುಟ. ರಾಯಭಾರಿ ಒಳಗಿದ್ದರೆ ಬಾವುಟ ಹಾರಬೇಕು; ಇಲ್ಲದಿದ್ದರೆ ಅದಕ್ಕೆ ಚರ್ಮದ ಗವಸು ತೊಡಿಸಬೇಕು.

“ಖಾಲಿ ಕಾರಿನಲ್ಲಿ ಬಾವುಟ ಹಾರಿದರೆ ಅದು ಸುಳ್ಳು ಹೇಳಿದ ಹಾಗೆ, ಮಾಸ್ಟ್ರೇ” ಎನ್ನುತ್ತಿದ್ದ.

ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಇದನ್ನು ಹೇಳಿದವನೇ ಮುಂದೆ ಇದನ್ನು ಮರೆತ.

೨೦೨೧ರ ಆಗಸ್ಟ್ ಹದಿನೈದು ಭಾನುವಾರವಾಗಿತ್ತು. ದೆಹಲಿಯ ಬೀದಿ ಬೀದಿಗಳಲ್ಲಿ ನಮ್ಮ ಬಾವುಟ ಹಾರುತ್ತಿದ್ದ ಆ ದಿನವೇ ಅವರ ಸರಕಾರ ಬಿದ್ದುಹೋಯಿತು. ಕಚೇರಿಯಲ್ಲಿ ಎಲ್ಲರೂ ಟಿ.ವಿ.ಯ ಮುಂದೆ ನಿಂತಿದ್ದರಂತೆ. ಲೂಯಿಸನಿಗೆ ಇದ್ದುದು ಒಂದೇ ಪ್ರಶ್ನೆ: ನಾಳೆ ಕಾರಿಗೆ ಯಾವ ಬಾವುಟ ಸಿಕ್ಕಿಸಬೇಕು? ಒಬ್ಬೊಬ್ಬರನ್ನೇ ಕೇಳುತ್ತ ಹೋದ. ಕೊನೆಗೆ ಕಿರಿಯ ಅಧಿಕಾರಿಯೊಬ್ಬರು, ಸೆಕೆಂಡ್ ಸೆಕ್ರೆಟರಿ ಹುದ್ದೆಯಲ್ಲಿದ್ದ ಹುಮಾಯೂನ್ ಎಂಬವರು, ಕಿಟಕಿಯಿಂದ ತಿರುಗಿ ಹೇಳಿದರು: “ಅದನ್ನೇ. ಸ್ವಲ್ಪ ಮಾಸಿದೆ, ಒಗೆದು ಹಾಕು.”

ಒಗೆದ ಬಾವುಟ ಇನ್ನೂ ಎರಡು ವರ್ಷ ಹಾರಿತು. ಆದರೆ ಅದರ ಹಿಂದೆ ಸರಕಾರವಿರಲಿಲ್ಲ. ಅಧಿಕಾರಿಗಳು ಒಬ್ಬೊಬ್ಬರಾಗಿ ಹೊರಟುಹೋದರು. ಒಬ್ಬರು ಕೆನಡಾದಲ್ಲಿ ಗೋದಾಮಿನ ಕೆಲಸಕ್ಕೆ ಸೇರಿದರು. ಇನ್ನೊಬ್ಬರು ಜರ್ಮನಿಯಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಭಾಷೆ ಕಲಿಯಲು ಮಕ್ಕಳ ಬೆಂಚಿನಲ್ಲಿ ಕುಳಿತರು. ಅವರೆಲ್ಲರ ಒಂದು ವಾಟ್ಸ್ಯಾಪ್ ಗುಂಪು ಉಂಟು, ಅದರಲ್ಲಿ ಲೂಯಿಸನೂ ಇದ್ದಾನೆ. ಯಾವ ಬೀರುವಿನ ಕೀಲಿ ಎಲ್ಲಿದೆ ಎಂಬುದು ಅವನೊಬ್ಬನಿಗೇ ಗೊತ್ತಿದ್ದುದರಿಂದ ಸೇರಿಸಿದ್ದರಂತೆ, ತೆಗೆಯಲು ಮರೆತರು. ಹುಮಾಯೂನರೂ ಎರಡು ದೇಶಗಳಿಗೆ ಅರ್ಜಿ ಹಾಕಿದ್ದರು. ಒಂದು ದೇಶ ಇಲ್ಲ ಎಂದಿತು, ಇನ್ನೊಂದು ಏನೂ ಎನ್ನಲಿಲ್ಲ. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೊನೆಗೆ ಕಚೇರಿಯೂ ಮುಚ್ಚಿದಾಗ ಲೂಯಿಸ್ ತನ್ನ ಟ್ರಂಕು ಕಟ್ಟುತ್ತ, “ಬನ್ನಿ ಸಾಹೇಬ್, ನಮ್ಮ ಊರಿನಲ್ಲಿ ಹೊಳೆ ಉಂಟು, ಸಮುದ್ರವೂ ಉಂಟು” ಎಂದ. ಅವರು ಬಂದರು.

ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದ ಅವರನ್ನು ನಾನು ನೋಡಿದ್ದು ಮಾರನೆಯ ದಿನ, ಲೂಯಿಸನ ಮನೆಯಂಗಳದಲ್ಲಿ. ಎತ್ತರದ ಆಳು, ನೆರೆತ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಬಾವಿಯ ಕಟ್ಟೆಯ ಬಳಿ ನಿಂತು ಕೊಡ ಎಳೆಯಲು ಹಗ್ಗಕ್ಕೆ ಕೈ ಹಾಕಿದ್ದರು. ಲೂಯಿಸ್ ಓಡಿಬಂದು ಹಗ್ಗವನ್ನು ಕಸಿದುಕೊಂಡ.

“ಸಾಹೇಬ್! ಎಂತ ಮಾಡ್ತಿದ್ದೀರಿ? ನಾನಿಲ್ವಾ?”

ಅವರು ಕೈಬಿಟ್ಟು, ಏನು ಮಾಡಬೇಕೆಂದು ತಿಳಿಯದೆ, ನನ್ನನ್ನು ನೋಡಿ ನಕ್ಕರು. ಆ ವರ್ಷವೆಲ್ಲ ನಾನು ಕಂಡದ್ದು ಇದನ್ನೇ.

ಅವರ ವಿವರಗಳನ್ನು ಪೊಲೀಸರಿಗೆ ಒಪ್ಪಿಸಿದ್ದಾಯಿತು. ಇಲ್ಲಿರಲು ಒಪ್ಪಿಗೆಯ ಕಾಗದ ಸಿಕ್ಕಿತು. ಅದನ್ನು ವರ್ಷಕ್ಕೊಮ್ಮೆ ಉಡುಪಿಯ ಕಚೇರಿಗೆ ಹೋಗಿ ಹೊಸದು ಮಾಡಿಸಬೇಕು. ಕೆಲಸ ಮಾಡಲು ಅಡ್ಡಿಯಿರಲಿಲ್ಲ. ಆದರೆ ಕೆಲಸ ಮಾಡಲು ಲೂಯಿಸ್ ಬಿಡಬೇಕಲ್ಲ! ತಾನು ಹಳೆಯ ಓಮ್ನಿಯೊಂದನ್ನು ಕೊಂಡು ಬಾಡಿಗೆಗೆ ಓಡಿಸತೊಡಗಿದ. ಸಾಹೇಬರು ಅಂಗಡಿಗೆ ಹೋಗಬಾರದು, ಬಸ್ಸು ಹತ್ತಬಾರದು, ಬಟ್ಟೆ ಒಗೆಯಬಾರದು. ಓಮ್ನಿಯ ಹಿಂಬಾಗಿಲು ಜಾರುವ ಬಾಗಿಲು. ಇಡೀ ಕೇರಿಗೆ ಕೇಳುವ ಹಾಗೆ ಸದ್ದು ಮಾಡುತ್ತದೆ. ಲೂಯಿಸ್ ಡ್ರೈವರ್ ಸೀಟಿನಿಂದ ಇಳಿದು, ಗಾಡಿಯನ್ನು ಸುತ್ತಿ ಬಂದು, ಅದನ್ನು ಎಳೆದು ತೆರೆದು, ಎದೆಯುಬ್ಬಿಸಿ ನಿಲ್ಲುತ್ತಿದ್ದ. ಮೀನು ಬುಟ್ಟಿ ಹೊತ್ತು ಬರುವ ಅಪ್ಪಿ ಅದನ್ನು ನೋಡಲೆಂದೇ ನಿಲ್ಲುತ್ತಿದ್ದಳು.

“ಪೊರ್ಬುಗಳೇ, ನನಗೂ ಒಮ್ಮೆ ಹಾಗೆ ತೆರೆಯಿರಿ” ಎಂದು ಅವಳು; ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆಯೇ ಕರೆಯುವುದು.

“ನಿನ್ನ ಬಂಗುಡೆ ಕೆಳಗಿಟ್ಟು ಬಾ, ತೆರೀತೇನೆ” ಎಂದು ಇವನು.

ಲೂಯಿಸನ ಹೆಂಡತಿ ರೇಚಲಳೂ ಕಡಿಮೆಯಲ್ಲ. ಸಾಹೇಬರು ಹಂದಿಯ ಮಾಂಸ ತಿನ್ನುವವರಲ್ಲವೆಂದು ಅವಳು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬದಲಾಯಿಸಿದಳು. ಆ ವರ್ಷ ಕ್ರಿಸ್‌ಮಸ್ಸಿಗೂ ಅವರ ಮನೆಯಲ್ಲಿ ಕೋಳಿಯೇ. “ಇದಕ್ಕಿಂತ ದೊಡ್ಡ ರಾಜತಂತ್ರ ಯಾವ ದೇಶದ್ದು ಉಂಟು, ಹೇಳಿ ಮಾಸ್ಟ್ರೇ” ಎಂದು ಲೂಯಿಸ್ ನಿಟ್ಟುಸಿರುಬಿಟ್ಟ.

ಸಂಜೆಗಳಲ್ಲಿ ಸಾಹೇಬರು ನನ್ನ ಬಳಿ ಕನ್ನಡ ಕಲಿಯಲು ಬರುತ್ತಿದ್ದರು. ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಇಷ್ಟು ಹಸಿವಿನಿಂದ ಕಲಿತವರನ್ನು ಕಂಡಿಲ್ಲ. ಅವರು ಹೆರಾತ್ ಎಂಬ ಊರಿನವರು. ಅಲ್ಲಿಯ ಮಾತು, ಪಷ್ತೋ, ಉರ್ದು, ಇಂಗ್ಲಿಷ್, ಸ್ವಲ್ಪ ರಷ್ಯನ್ ಅವರಿಗೆ ಮೊದಲೇ ಬರುತ್ತಿತ್ತು. ಆರು ತಿಂಗಳಲ್ಲಿ ಪತ್ರಿಕೆಯ ತಲೆಬರಹಗಳನ್ನು ಓದತೊಡಗಿದರು, ಎಂಟನೆಯ ತಿಂಗಳಲ್ಲಿ ನನ್ನ ಕೈಬರಹದ ತಪ್ಪು ತೋರಿಸಿದರು.

ಮೊದಲನೆಯ ಶಾಲು ಬಂದದ್ದು ಒಂದು ಅಕಸ್ಮಾತ್ತಿನಿಂದ. ನಮ್ಮೂರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗೆ ಹಿಂದಿನ ದಿನ ಜ್ವರ ಬಂತು. ಮುಖ್ಯೋಪಾಧ್ಯಾಯಿನಿ ವನೆಸ್ಸಾ ಟೀಚರ್ ತಲೆಗೆ ಕೈಹೊತ್ತು ಕುಳಿತಿದ್ದಾಗ ಲೂಯಿಸ್ ಹೇಳಿದ:

“ಟೀಚರ್, ನಮ್ಮ ಮನೆಯಲ್ಲಿ ರಾಯಭಾರಿಗಳೇ ಇದ್ದಾರಲ್ಲ!”

ನಾನು ಅಲ್ಲಿಯೇ ಇದ್ದೆ. ಸೆಕೆಂಡ್ ಸೆಕ್ರೆಟರಿ ಬೇರೆ, ರಾಯಭಾರಿ ಬೇರೆ ಎಂದು ತಿದ್ದಬಹುದಿತ್ತು. ತಿದ್ದಲಿಲ್ಲ. ಸಮಾರಂಭ ನಡೆಯಲಿ ಎಂದುಕೊಂಡೆ.

ನಮ್ಮ ಕಡೆಯ ಸಮಾರಂಭಗಳನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ವೇದಿಕೆ, ದೀಪ, ಸ್ವಾಗತ, ಶಾಲು, ಹಾರ, ಫಲದ ಬುಟ್ಟಿ, ಸ್ಮರಣಿಕೆ. ಒಂದು ಕಡೆ ಒಬ್ಬರನ್ನು ಕರೆದದ್ದು ಪತ್ರಿಕೆಯಲ್ಲಿ ಚಿತ್ರ ಸಮೇತ ಬಂದರೆ ಇನ್ನು ಹತ್ತು ಕಡೆಯವರು ಬಾಗಿಲಿಗೆ ಬರುತ್ತಾರೆ. ಬನ್ನಂಜೆಯ ಮಹಿಳಾ ಸಂಘದವರು ಬಂದರು. ಕಾಪುವಿನ ಭಜನಾ ಮಂಡಳಿಯವರು ಬಂದರು. ಕಾರ್ಕಳದಲ್ಲಿ ಕ್ರಿಕೆಟ್ ಪಂದ್ಯಾಟದ ಬಹುಮಾನ ಹಂಚಲು ಕರೆದರು, ಅಲ್ಲಿಯ ಹುಡುಗರು ಭಾಷಣ ಮುಗಿಯುವವರೆಗೂ ಕಾಯದೆ, “ಸಾಹೇಬ್ರೇ, ನಿಮ್ಮ ದೇಶದ ಸ್ಪಿನ್ ಬೌಲರ್‌ಗಳ ಗುರ್ತ ಉಂಟಾ?” ಎಂದು ಮುತ್ತಿಕೊಂಡರು. “ಅವರಿಗೆ ನನ್ನ ಗುರುತಿಲ್ಲ” ಎಂದು ಸಾಹೇಬರು ಉತ್ತರಿಸಿದ್ದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಮಣಿಪಾಲದಲ್ಲಿ ಕರುಣಾಕರ ಶೆಟ್ಟರೆಂಬ ಕಾಪುವಿನವರು, ಇಪ್ಪತ್ತೈದು ವರ್ಷ ದುಬಾಯಿಯಲ್ಲಿದ್ದು ಬಂದವರು, ವಿದೇಶಿ ವಿದ್ಯಾರ್ಥಿಗಳಿಗೆಂದು ಹೊಸ ಹಾಸ್ಟೆಲ್ ಕಟ್ಟಿಸಿದ್ದರು. ಅದರ ಉದ್ಘಾಟನೆಗೂ ಇವರೇ. ಅದು ಐದನೆಯ ಶಾಲು.

ಆಮಂತ್ರಣ ಪತ್ರಿಕೆಗಳಲ್ಲೆಲ್ಲ ‘ಮಾನ್ಯ ರಾಯಭಾರಿಗಳು’ ಎಂದೇ ಅಚ್ಚಾಗುತ್ತಿತ್ತು. ಸಾಹೇಬರು ಮೊದಮೊದಲು ಆಕ್ಷೇಪಿಸಿದರು. ಲೂಯಿಸ್ ಕೇಳಲಿಲ್ಲ. “ಸಾಹೇಬ್, ಜನರು ಗೌರವ ಕೊಡುವಾಗ ಅಳತೆ ಮಾಡಿ ಕೊಡ್ತಾರಾ?” ಎಂದ. ಹಣ್ಣಿನ ಬುಟ್ಟಿಗಳನ್ನು ರೇಚಲ್ ಕೇರಿಗೆಲ್ಲ ಹಂಚಿದಳು. ಶಾಲುಗಳು ಬೀರುವಿನಲ್ಲಿ ಒಂದರ ಮೇಲೊಂದು ಏರಿದವು. ಹತ್ತು ಶಾಲು ಸೇರಿದರೂ ಒಬ್ಬನೇ ಒಬ್ಬ ಮನುಷ್ಯ ಅವರಿಗೆ ಒಂದು ಕೆಲಸ ಕೊಡುತ್ತೇನೆ ಎನ್ನಲಿಲ್ಲ.

ವರ್ಷ ತುಂಬುತ್ತ ಬಂದ ಒಂದು ಸಂಜೆ ಸಾಹೇಬರು ಪಾಠದ ಪುಸ್ತಕ ಮುಚ್ಚಿ, ತಮ್ಮ ಪಾಸ್‌ಪೋರ್ಟನ್ನು ನನ್ನ ಮುಂದಿಟ್ಟರು.

“ಮೇ ತಿಂಗಳಲ್ಲಿ ಇದರ ಅವಧಿ ಮುಗಿಯುತ್ತದೆ. ಇದನ್ನು ಕೊಟ್ಟ ಸರಕಾರ ಇಲ್ಲ. ಮತ್ತೆ ಯಾರು ಹೊಸದು ಮಾಡಿಕೊಡುತ್ತಾರೆ? ತಾಷ್ಕೆಂಟಿನಲ್ಲಿ ನನ್ನ ಚಿಕ್ಕಪ್ಪನ ಮಗ ಒಣಹಣ್ಣಿನ ವ್ಯಾಪಾರ ಮಾಡುತ್ತಾನೆ. ಬಾ, ಗೋದಾಮು ನೋಡಿಕೋ ಎನ್ನುತ್ತಿದ್ದಾನೆ. ಹೋಗುವುದಾದರೆ ಮಾರ್ಚ್ ಒಳಗೆ ಹೋಗಬೇಕು. ಆಮೇಲೆ ಯಾವ ಗಡಿಯನ್ನೂ ದಾಟಲಾಗದು.”

“ನಿಮ್ಮ ಮನಸ್ಸಿನಲ್ಲಿ ಏನುಂಟು?” ಎಂದೆ.

“ನನಗೆ ಇಲ್ಲಿ ಇರಬೇಕು” ಎಂದರು. “ಹೊಸ ದೇಶ ಎಂದು ಇನ್ನೊಮ್ಮೆ ಆರಂಭಿಸುವ ಶಕ್ತಿ ಇಲ್ಲ. ಆದರೆ ಮಾಸ್ಟ್ರೇ, ನಮ್ಮಲ್ಲಿ ಅತಿಥಿ ಎಂದರೆ ಮೂರು ದಿನ. ನಾನು ಒಂದು ವರ್ಷದಿಂದ ಅತಿಥಿ. ಲೂಯಿಸನ ಮನೆಯಲ್ಲಿ ಅತಿಥಿ, ಊರಿನಲ್ಲಿ ಮುಖ್ಯ ಅತಿಥಿ. ಕೆಲಸ ಸಿಕ್ಕಿದರೆ ಉಳಿಯುತ್ತೇನೆ. ಇಲ್ಲವಾದರೆ ಹೊರಡುತ್ತೇನೆ.”

ಮರುದಿನ ನಾನು ಲೂಯಿಸನಿಗೆ ಇದನ್ನು ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

“ತಾಷ್ಕೆಂಟಾ? ಗೋದಾಮಾ? ಸಾಹೇಬ್ರು ಮೂಟೆ ಎಣಿಸ್ಲಿಕ್ಕಾ?”

“ಇಲ್ಲಿಯೇ ಎಲ್ಲಿಯಾದರೂ ಕೆಲಸಕ್ಕೆ ಹೇಳಬಾರದೇನೋ?”

“ಯಾರ ಹತ್ರ ಹೇಳುವುದು ಮಾಸ್ಟ್ರೇ? ಅವರನ್ನು ರಾಯಭಾರಿ ಅಂತ ಕರೆದ ಬಾಯಲ್ಲೇ, ಒಂದು ಕೆಲಸ ಕೊಡಿ ಅಂತ ಬೇಡುವುದಾ? ನನ್ನ ಜೀವ ಇರುವವರೆಗೆ ಅವರು ನನ್ನ ಮನೆಯಲ್ಲಿ ಸಾಹೇಬ್ರಾಗಿಯೇ ಇರ್ತಾರೆ.”

ಬಾಗಿಲು ತೆರೆಯುವುದರಲ್ಲಿ ಅಷ್ಟು ನಿಪುಣನಾದವನು ಒಂದು ಬಾಗಿಲಿಗೆ ಅಡ್ಡ ನಿಂತಿದ್ದಾನೆಂದು ನನಗೆ ಆಗ ಕಂಡಿತು. ಆದರೆ ಆಮಂತ್ರಣ ಪತ್ರಿಕೆಗಳ ಕರಡು ತಿದ್ದಿಕೊಟ್ಟವನು ನಾನೇ. ‘ಮಾನ್ಯ ರಾಯಭಾರಿಗಳು’ ಎಂಬುದನ್ನು ಹಾಗೆಯೇ ಬಿಟ್ಟವನೂ ನಾನೇ. ಹೆಚ್ಚು ಮಾತಾಡುವ ಮುಖ ನನಗಿರಲಿಲ್ಲ.

ಜನವರಿಯಲ್ಲಿ ಲೂಯಿಸನ ಮನೆಯ ಪಕ್ಕದಲ್ಲಿ ಕೆಂಪುಕಲ್ಲಿನ ಕಾಂಪೌಂಡು ಕಟ್ಟುವ ಕೆಲಸ ನಡೆಯುತ್ತಿತ್ತು. ವಿಜಯಪುರದ ಕಡೆಯಿಂದ ಬಂದ ಗಂಡಹೆಂಡತಿ, ಹೊಳೆಪ್ಪ ಮತ್ತು ರಾಚವ್ವ, ಕಲ್ಲು ಹೊರುತ್ತಿದ್ದರು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿ ಗೋಡೆಯ ನೆರಳಿನಲ್ಲಿ ಕುಳಿತಿರುತ್ತಿದ್ದರು. ಸಾಹೇಬರು ಅವರೊಡನೆ ಕನ್ನಡ ಆಡಿ ನೋಡಲು ಗೇಟಿನವರೆಗೆ ಹೋಗುತ್ತಿದ್ದರು. ಅಂದು ನಾನೂ ಅಲ್ಲಿದ್ದೆ. ರಾಚವ್ವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದಳು:

“ಸಾಹೇಬ್ರ, ದಿನಾ ನೋಡ್ತೀನಿ, ಇಸ್ತ್ರಿ ಅಂಗಿ ಹಾಕ್ಕೊಂಡು ಅಡ್ಡಾಡ್ತೀರಿ. ಕೆಲಸಾ ಏನ್ ಮಾಡ್ತೀರಿ?”

ಊರಿಗೆ ಬಂದ ಮೇಲೆ ಅವರನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. “ಕೆಲಸ ಇಲ್ಲ ಅಮ್ಮ” ಎಂದರು ಸಾಹೇಬರು.

“ಯಾಕ್ರೀ? ಕೈಕಾಲು ಗಟ್ಟಿ ಅದಾವಲ್ಲ.”

“ಯಾರೂ ಕರೆಯಲಿಲ್ಲ.”

ರಾಚವ್ವ ಗಂಡನ ಕಡೆ ತಿರುಗಿ ನಕ್ಕುಬಿಟ್ಟಳು. “ಏನ್ರೀ, ಕೇಳಿದ್ರೇನ? ಯಾರೂ ಕರೀಲಿಲ್ಲಂತ! ಸಾಹೇಬ್ರ, ಪರಊರಾಗ ಮನಿಗೆ ಬಂದು ಯಾರ್ ಕರೀತಾರ? ನಾವು ಬಂದಾಗ ಮುಂಜಾನೆ ಎದ್ದು ಸರ್ಕಲ್ಲಿಗೆ ಹೋಗಿ ನಿಂತ್ವಿ. ಬುಟ್ಟಿ, ಸಲಿಕಿ ಮುಂದಿಟ್ಕೊಂಡು ನಿಂತ್ರ ನೋಡಿದಾಂವಗ ಗೊತ್ತಾಗತೈತಿ, ಇವ್ರಿಗೆ ಕೆಲಸ ಬೇಕಾಗೈತಿ ಅಂತ. ಶಾಲು ಹೊತ್ಕೊಂಡು ನಿಂತ್ರ ಯಾರಿಗೆ ಗೊತ್ತಾಗಬೇಕು?”

“ಸುಮ್ನಿರ, ದೊಡ್ಡವ್ರ ಜೋಡಿ ಹಂಗ್ಯಾಕ ಮಾತಾಡ್ತಿ” ಎಂದ ಹೊಳೆಪ್ಪ.

“ಇರಲಿ, ಇರಲಿ” ಎಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, “ಸಲಿಕೆ ಎಂದರೆ ಏನು ಮಾಸ್ಟ್ರೇ?” ಎಂದು ಕೇಳಿ, ಅಂಗೈಯಲ್ಲಿ ಬರೆದುಕೊಂಡರು.

ಹನ್ನೊಂದನೆಯ ಶಾಲಿನ ದಿನ ಬಂತು. ಉಚ್ಚಿಲದ ಯುವಕ ಮಂಡಲವೊಂದರ ಬೆಳ್ಳಿಹಬ್ಬ. ಶಾಮಿಯಾನದ ಕೆಳಗೆ ನಾನೂರು ಜನ. ಅಧ್ಯಕ್ಷತೆ ಮಣಿಪಾಲದ ಹಾಸ್ಟೆಲಿನ ಕರುಣಾಕರ ಶೆಟ್ಟರದ್ದು. ಸಂಜೆ ಐದೂವರೆಗೆ ಓಮ್ನಿ ವೇದಿಕೆಯ ಪಕ್ಕಕ್ಕೇ ಬಂದು ನಿಂತಿತು. ಲೂಯಿಸ್ ಅಂದು ದೆಹಲಿಯ ಬಿಳಿಯ ಸಮವಸ್ತ್ರವನ್ನೇ ತೊಟ್ಟಿದ್ದ. ಬಾಗಿಲು ಸರ್ರನೆ ಜಾರಿತು, ಚೆಂಡೆ ಮೊಳಗಿತು, ಸಾಹೇಬರು ಇಳಿದರು. ನಾನು ಮುಂದಿನ ಸಾಲಿನಲ್ಲಿ ಕುಳಿತೆ. ಅವರ ಭಾಷಣವನ್ನು ಎಂದಿನಂತೆ ನಾನೇ ತಿದ್ದಿಕೊಟ್ಟಿದ್ದೆ: ಯುವಶಕ್ತಿ, ಶಿಸ್ತು, ಸಂಸ್ಕೃತಿ ಎಂದು ಎರಡು ಪುಟ.

ಶಾಲು ಹೊದಿಸಿದರು. ಸಾಹೇಬರು ಮೈಕಿನ ಮುಂದೆ ಬಂದು, ಶಾಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. ಜೇಬಿನಿಂದ ನನ್ನ ಎರಡು ಪುಟಗಳನ್ನು ತೆಗೆದರು. ಅವನ್ನೂ ಶಾಲಿನ ಮೇಲಿಟ್ಟರು.

“ಸಭೆಗೆ ನಮಸ್ಕಾರ. ಇದು ನನಗೆ ನೀವು ಕೊಟ್ಟ ಹನ್ನೊಂದನೆಯ ಶಾಲು. ನಿಮ್ಮ ಪ್ರೀತಿ ದೊಡ್ಡದು. ಆದ್ದರಿಂದ ನಿಮ್ಮ ಮುಂದೆ ಸುಳ್ಳು ನಿಲ್ಲಬಾರದು. ನಾನು ರಾಯಭಾರಿ ಅಲ್ಲ. ಎಂದೂ ಆಗಿರಲಿಲ್ಲ. ಆ ಕಚೇರಿಯಲ್ಲಿ ಕೆಳಗಿನ ಅಧಿಕಾರಿಯಾಗಿದ್ದೆ. ಆ ಸರಕಾರ ಈಗ ಇಲ್ಲ, ಆ ಕಚೇರಿಯೂ ಇಲ್ಲ. ನನಗೆ ಕೆಲಸವಿಲ್ಲ.”

ಶಾಮಿಯಾನದ ಅಡಿಯಲ್ಲಿ ಐಸ್‌ಕ್ರೀಮಿನವನ ಗಂಟೆ ಮಾತ್ರ ಕೇಳುತ್ತಿತ್ತು. ನಾನು ಹಿಂತಿರುಗಿ ನೋಡಿದೆ. ಲೂಯಿಸ್ ಓಮ್ನಿಯ ಬಾಗಿಲಿನ ಬಳಿ, ಹಿಡಿಯ ಮೇಲೆ ಕೈಯಿಟ್ಟು, ಕಲ್ಲಿನಂತೆ ನಿಂತಿದ್ದ.

“ನಮ್ಮ ಪಕ್ಕದ ಮನೆಯಲ್ಲಿ ಕಲ್ಲು ಹೊರುವ ತಾಯಿಯೊಬ್ಬರು ನನಗೆ ಹೇಳಿದರು: ಪರಊರಿನಲ್ಲಿ ಕೆಲಸ ಬೇಕಾದರೆ ನಾಲ್ಕು ಜನ ಕಾಣುವ ಕಡೆ ಸಲಿಕೆ ಮುಂದಿಟ್ಟುಕೊಂಡು ನಿಲ್ಲಬೇಕು. ನನಗೆ ನಿಲ್ಲಲು ಸಿಕ್ಕಿದ ಜಾಗ ಇದು. ನನ್ನ ಸಲಿಕೆ ಇವು: ಆರು ಭಾಷೆಗಳು, ಈಗ ನಿಮ್ಮದೂ ಸೇರಿ. ಅರ್ಜಿ, ಪತ್ರ ಬರೆಯಬಲ್ಲೆ. ಪಾಸ್‌ಪೋರ್ಟ್ ಕಳೆದುಕೊಂಡವರು ಯಾವ ಬಾಗಿಲಿಗೆ ಹೋಗಬೇಕೆಂದು ಬಲ್ಲೆ. ದೆಹಲಿಯಲ್ಲಿ ನಮ್ಮ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿದ್ದಾಗ, ಠಾಣೆಯಲ್ಲಿದ್ದಾಗ, ಊರಿನ ನೆನಪಾಗಿ ಅಳುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕುಳಿತಿದ್ದೇನೆ. ಅದೇ ನನ್ನ ಕೆಲಸವಾಗಿತ್ತು. ಮಾರ್ಚ್ ಒಳಗೆ ಇಲ್ಲಿ ಕೆಲಸ ಸಿಕ್ಕಿದರೆ ಈ ಊರಿನಲ್ಲಿಯೇ ಉಳಿಯುತ್ತೇನೆ. ಯಾರಿಗಾದರೂ ಇಂಥ ಮನುಷ್ಯ ಬೇಕಾದರೆ ದಯವಿಟ್ಟು ಹೇಳಿ. ಯುವಕ ಮಂಡಲಕ್ಕೆ ಒಳ್ಳೆಯದಾಗಲಿ.”

ಹೋಗಿ ಕುಳಿತರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಮುಂದಿನ ಕಾರ್ಯಕ್ರಮ ಅಧ್ಯಕ್ಷರ ಭಾಷಣ. ನಿರೂಪಕಿ ದೀಕ್ಷಿತಾ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತ, “ಈಗ... ರಾಯಭಾರಿಗಳ... ಅಲ್ಲ, ಹುಮಾಯೂನ್ ಸರ್ ಅವರ ಅಮೂಲ್ಯ ಮಾತುಗಳಿಗೆ...” ಎಂದು ತಡವರಿಸಿದಳು. ಕರುಣಾಕರ ಶೆಟ್ಟರು ಅವಳ ಕೈಯಿಂದ ಮೈಕನ್ನೇ ತೆಗೆದುಕೊಂಡರು.

“ಅಧ್ಯಕ್ಷರ ಭಾಷಣ ಆಮೇಲೆ ಮಾಡ್ತೇನೆ. ಎಂತ ಸಾಹೇಬ್ರೇ ನೀವು! ಆರು ತಿಂಗಳಲ್ಲಿ ನನ್ನ ಹಾಸ್ಟೆಲಿನಿಂದ ಮೂರು ಜನ ಮ್ಯಾನೇಜರ್‌ಗಳು ಓಡಿಹೋದ್ರು. ಹನ್ನೆರಡು ದೇಶದ ಮಕ್ಕಳು. ಒಬ್ಬನಿಗೆ ಅನ್ನ ಬೇಡ, ಒಬ್ಬನಿಗೆ ಮೀನಿನ ವಾಸನೆ ಆಗುವುದಿಲ್ಲ, ಒಬ್ಬನ ವೀಸಾ ಮುಗಿದದ್ದು ಅವನಿಗೇ ಗೊತ್ತಿಲ್ಲ. ನಿಮ್ಮನ್ನು ನೋಡಿದಾಗಲೆಲ್ಲ ಅಂದುಕೊಂಡದ್ದುಂಟು, ಇಂಥ ಜನ ಸಿಕ್ಕಿದ್ರೆ ಅಂತ. ಆದರೆ ರಾಯಭಾರಿಗಳನ್ನು ಹಾಸ್ಟೆಲ್ ನೋಡಿಕೊಳ್ತೀರಾ ಅಂತ ಕೇಳ್ಲಿಕ್ಕೆ ಆಗ್ತದಾ ಮಾರಾಯ್ರೇ? ನಾನೇ ಶಾಲು ಹಾಕಿ ಕಳಿಸಿದೆ!”

ಜನ ಗೊಳ್ಳೆಂದು ನಕ್ಕರು. ಆಗ ಬಂತು ಚಪ್ಪಾಳೆ.

“ಸೋಮವಾರ ಬರ್ತೀರಾ?” ಎಂದರು ಶೆಟ್ಟರು, ಮೈಕಿನಲ್ಲಿಯೇ.

“ನಾಳೆ ಬರುತ್ತೇನೆ” ಎಂದರು ಸಾಹೇಬರು, ಮೈಕಿಲ್ಲದೆ.

“ನಾಳೆ ಆದಿತ್ಯವಾರ!”

“ಮಕ್ಕಳು ಆದಿತ್ಯವಾರವೂ ಹಾಸ್ಟೆಲಿನಲ್ಲಿಯೇ ಇರುತ್ತಾರಲ್ಲ?”

ಸಮಾರಂಭ ಮುಗಿಸಿ ನಾವು ಓಮ್ನಿಯ ಬಳಿ ಬಂದಾಗ ಲೂಯಿಸ್ ಡ್ರೈವರ್ ಸೀಟಿನಲ್ಲಿ ಕುಳಿತೇ ಇದ್ದ. ಇಳಿಯಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಮುಂದೆ ನೋಡುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು. ಸಾಹೇಬರು ತಾವೇ ಹಿಂಬಾಗಿಲಿನ ಹಿಡಿ ಹಿಡಿದು ಎಳೆದರು. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ ಎಳೆದರು. ವರ್ಷಗಟ್ಟಲೆ ಕಾರಿನ ಬಾಗಿಲನ್ನು ತಾವಾಗಿ ತೆರೆಯದವರು. ಹಳೆಯ ಓಮ್ನಿಯ ಬಾಗಿಲು ಹೇಗೆ ಒಲಿದೀತು?

“ಲೂಯಿಸ್, ಇದು ಹೇಗೆ?” ಎಂದು ಕೇಳಿದರು.

ಲೂಯಿಸ್ ತಿರುಗಲಿಲ್ಲ. “ಸಾಹೇಬ್, ನಾನು ನಿಮ್ಮ ಮಾನ ಕಾಪಾಡ್ತೇನೆ ಅಂದುಕೊಂಡಿದ್ದೆ. ನಾನೂರು ಜನರ ಎದುರು ನೀವು ಕೆಲಸ ಕೇಳುವ ಹಾಗಾಯ್ತು.”

“ನೀನು ಒಂದು ಮಾತು ಹೇಳುತ್ತಿದ್ದೆ, ನೆನಪಿದೆಯೇ?” ಎಂದರು ಸಾಹೇಬರು. “ಖಾಲಿ ಕಾರಿನಲ್ಲಿ ಬಾವುಟ ಹಾರಿದರೆ ಅದು ಸುಳ್ಳು ಎಂದು. ಇವತ್ತು ನಾನು ಗವಸು ತೊಡಿಸಿದೆ, ಅಷ್ಟೇ. ಕಾರು ಓಡುತ್ತಲೇ ಇರುತ್ತದೆ, ಮಾರಾಯ.”

‘ಮಾರಾಯ’ ಎಂಬ ಮಾತನ್ನು ಅವರು ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಕಲಿಸಿದ್ದಲ್ಲ. ಲೂಯಿಸ್ ಮೂಗು ಒರೆಸಿಕೊಂಡು, ಮುಂದೆ ನೋಡುತ್ತಲೇ ಹೇಳಿದ:

“ಮೊದಲು ಹಿಡಿ ಮೇಲಕ್ಕೆ ಎತ್ತಬೇಕು ಸಾಹೇಬ್. ಎತ್ತಿ, ಸ್ವಲ್ಪ ನಿಮ್ಮ ಕಡೆಗೆ ಎಳೆದು, ಮತ್ತೆ ಹಿಂದಕ್ಕೆ ಜಾರಿಸಬೇಕು. ಜೋರು ಮಾಡಬೇಡಿ, ರೋಲರ್ ಹಳತು.”

ಸಾಹೇಬರು ಎತ್ತಿದರು, ಎಳೆದರು, ಜಾರಿಸಿದರು. ಬಾಗಿಲು ದೊಡ್ಡ ಸದ್ದು ಮಾಡಿ ತೆರೆಯಿತು. “ಮಾಸ್ಟ್ರೇ, ನೀವು ಹತ್ತಿ” ಎಂದು ನನ್ನನ್ನು ಹಿಂದೆ ಕೂರಿಸಿ, ಬಾಗಿಲು ಮುಚ್ಚಿ, ತಾವು ಹೋಗಿ ಲೂಯಿಸನ ಪಕ್ಕದ ಸೀಟಿನಲ್ಲಿ ಕುಳಿತರು. ಕಾಪು ದಾಟಿದ ಮೇಲೆ ಲೂಯಿಸ್ ಕೇಳಿದ:

“ಆ ಹಾಸ್ಟೆಲಿನಲ್ಲಿ ಅಡುಗೆ ಹೇಗುಂಟೋ ಏನೋ. ಶೆಟ್ರು ಊಟ ಒಳ್ಳೆಯದು ಕೊಡ್ತಾರಾ?”

ಅಲ್ಲಿಗೆ ಅವನು ಒಪ್ಪಿದಂತಾಯಿತು.

ತಾಷ್ಕೆಂಟಿನ ಚಿಕ್ಕಪ್ಪನ ಮಗನಿಗೆ ಸಾಹೇಬರು ಬರುವುದಿಲ್ಲವೆಂದು ಬರೆದರು. ಮಾರ್ಚಿನಲ್ಲಿ ಕಾಗದ ಹೊಸದು ಮಾಡಿಸಲು ಉಡುಪಿಗೆ ಹೋದಾಗ ನಾವಿಬ್ಬರೂ ಜೊತೆಗಿದ್ದೆವು. ಹಿಂದಿನ ವರ್ಷದ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಒಂದು ಗೆರೆ ಎಳೆದಿತ್ತು. ಮೇಜಿನ ಹಿಂದಿದ್ದ ಹೆಣ್ಣುಮಗಳು, “ಉದ್ಯೋಗ?” ಎಂದು ಕೇಳಿದಳು. ಲೂಯಿಸನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ನಾನು ಅವನ ಕಾಲು ತುಳಿದೆ.

“ಹಾಸ್ಟೆಲ್ ಮ್ಯಾನೇಜರ್” ಎಂದರು ಸಾಹೇಬರು. “ಮಣಿಪಾಲ.”

ಅವಳು ತಲೆಯೆತ್ತಿ, “ಓ, ನಮ್ಮ ಚಿಕ್ಕಮ್ಮನ ಮನೆ ಅದರ ಹಿಂದೆಯೇ” ಎಂದು ಬರೆದುಕೊಂಡಳು. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದದ್ದನ್ನು ನೋಡಿ, ಅದಕ್ಕೆ ಬೇರೆ ಅರ್ಜಿ ಕೊಡಬೇಕೆಂದೂ, ಸ್ವಲ್ಪ ಓಡಾಟ ಇದೆಯೆಂದೂ, ಆದರೆ ಇಂಥ ಇತರರದ್ದೂ ಆಗಿದೆಯೆಂದೂ ಹೇಳಿದಳು. ಆ ಓಡಾಟ ಇನ್ನೂ ಮುಗಿದಿಲ್ಲ. ಸಾಹೇಬರಿಗೆ ಅರ್ಜಿಗಳ ಭಯವಿಲ್ಲ. ಅರ್ಧ ಆಯುಷ್ಯ ಅವನ್ನೇ ಬರೆದವರು.

ಹಾಸ್ಟೆಲಿನಲ್ಲಿ ಅವರು ಏನು ಮಾಡಿದರೆಂದು ಬರೆಯಹೊರಟರೆ ಬೇರೆಯೇ ಲೇಖನವಾದೀತು. ಒಂದು ಮಾತ್ರ ಹೇಳುತ್ತೇನೆ. ಊಟದ ಜಗಳ ತೀರಿಸಲು ಎರಡು ದೇಶಗಳ ಹುಡುಗರನ್ನು ಮೇಜಿನ ಎರಡು ಕಡೆ ಕೂರಿಸಿ, ನಡುವೆ ತಾವು ಕುಳಿತು, ಎರಡು ಗಂಟೆ ಮಾತಾಡಿಸಿ, ವಾರದ ಅಡುಗೆಯ ಪಟ್ಟಿಗೆ ಎಲ್ಲರಿಂದ ಸಹಿ ಹಾಕಿಸಿದರಂತೆ. ಆ ಉದ್ದ ಮೇ‍ಜಿನ ಮೇಲೆ ಹಾಸಿದ್ದು ಎರಡು ಶಾಲುಗಳು. ಉಳಿದವುಗಳಲ್ಲಿ ಒಂದನ್ನು ರಾಚವ್ವನಿಗೆ ಕೊಟ್ಟರು. “ನನಗ್ಯಾಕ್ರೀ ಸನ್ಮಾನ?” ಎಂದು ಅವಳು ನಾಚಿದರೂ, ಮರುದಿನ ಅದನ್ನು ಸಿಂಬೆಯಾಗಿ ಸುತ್ತಿ ತಲೆಯ ಮೇಲಿಟ್ಟು ಕಲ್ಲು ಹೊತ್ತಳು.

ಆಮೇಲೆ ಅವರನ್ನು ಮುಖ್ಯ ಅತಿಥಿಯಾಗಿ ಯಾರೂ ಕರೆಯಲಿಲ್ಲ. “ಶಾಲು ಬರುವುದು ನಿಂತಿತು, ಸಂಬಳ ಬರ್ಲಿಕ್ಕೆ ಶುರುವಾಯ್ತು” ಎನ್ನುತ್ತಾಳೆ ರೇಚಲ್. ಸಾಹೇಬರ ವಾಸ ಈಗ ಹಾಸ್ಟೆಲಿನಲ್ಲಿಯೇ, ಹಾಗಾಗಿ ವಾರದ ದಿನಗಳಲ್ಲಿ ಅವಳ ಅಡುಗೆಮನೆಗೆ ಹಳೆಯ ಪಾತ್ರೆಗಳು ಮರಳಿವೆ. ಲೂಯಿಸ್ ಸ್ವಲ್ಪ ದಪ್ಪಗಾಗಿದ್ದಾನೆ. ಕೆನಡಾದ ಗೋದಾಮಿನ ಸಾಹೇಬರು ವಾಟ್ಸ್ಯಾಪ್ ಗುಂಪಿನಲ್ಲಿ, “ನಿಮ್ಮ ಊರಿನಲ್ಲಿ ಇನ್ನೊಂದು ಹಾಸ್ಟೆಲ್ ಇದೆಯೇ?” ಎಂದು ತಮಾಷೆಗೆ ಬರೆದಿದ್ದರಂತೆ. ಲೂಯಿಸ್ ಅದನ್ನು ತಮಾಷೆ ಎಂದು ತಿಳಿಯದೆ ಕರುಣಾಕರ ಶೆಟ್ಟರನ್ನು ವಿಚಾರಿಸಿ ಬಂದ.

ಆದಿತ್ಯವಾರ ಮಧ್ಯಾಹ್ನ ಸಾಹೇಬರು ಊಟಕ್ಕೆ ಬರುತ್ತಾರೆ. ಮಣಿಪಾಲದಿಂದ ಬಸ್ಸು ಹತ್ತಿ, ಸಂತೆಕಟ್ಟೆಯಲ್ಲಿ ಇಳಿದು, ಕೊಡೆ ಬಿಚ್ಚಿಕೊಂಡು ನಡೆದು ಬರುತ್ತಾರೆ. ಕಳೆದ ವಾರ ನಾನು ಲೂಯಿಸನ ಜಗಲಿಯಲ್ಲಿದ್ದೆ. ರಸ್ತೆಯ ತಿರುವಿನಲ್ಲಿ ಕೊಡೆ ಕಂಡದ್ದೇ ತಡ, ಲೂಯಿಸ್ ಎದ್ದು ಓಡಿ ಗೇಟು ತೆರೆದು ನಿಂತ.

“ಮತ್ತೆ ಶುರುವಾಯಿತಾ ನಿನ್ನದು?” ಎಂದೆ.

“ಎಂತ ಮಾಸ್ಟ್ರೇ ನೀವು” ಎಂದ ಅವನು, ಗೇಟಿನ ಅಗುಳಿಯನ್ನು ಹಿಡಿದುಕೊಂಡೇ. “ಮನೆಯವರು ಕೆಲಸ ಮುಗಿಸಿ ಬರುವಾಗ ಗೇಟು ತೆರೆಯುವುದು ಡ್ಯೂಟಿ ಅಲ್ಲ, ಅಲ್ವಾ?”

ಅಷ್ಟರಲ್ಲಿ ಸಾಹೇಬರು ಒಳಗೆ ಬಂದು, ಚಪ್ಪಲಿ ಕಳಚಿ, ಬಾವಿಯ ಕಟ್ಟೆಗೆ ಹೋಗಿ, ಕಾಲು ತೊಳೆಯಲು ಒಂದು ಕೊಡ ನೀರು ಎಳೆದುಕೊಂಡರು. ಲೂಯಿಸ್ ಹಗ್ಗಕ್ಕೆ ಕೈ ಹಾಕಲಿಲ್ಲ. ಬಗ್ಗಿ, ಅವರ ಚಪ್ಪಲಿಗಳನ್ನು ಜೋಡಿಸಿಟ್ಟ. ಈ ಸಲ ತುದಿ ಮನೆಯ ಕಡೆಗಿತ್ತು.